159 ಗೆಲುವು, ಸೋಲು ಸೊನ್ನೆ: ಅಮೆರಿಕದ ಕಾಲೇಜು ಪೈಲ್ವಾನನ ದಾರಿ ಹೇಗಿರುತ್ತದೆ?

2021ರ ಆಗಸ್ಟ್, ಟೋಕಿಯೊ ಒಲಿಂಪಿಕ್ಸ್. 86 ಕೆ.ಜಿ. ವಿಭಾಗದ ಸೆಮಿಫೈನಲ್‌ನಲ್ಲಿ ನಮ್ಮ ದೀಪಕ್ ಪೂನಿಯಾ. ಎದುರಿಗೆ ಅಮೆರಿಕದ ಡೇವಿಡ್ ಟೇಲರ್. ಟಿ.ವಿ. ಮುಂದೆ ಕುಳಿತವರು ಸರಿಯಾಗಿ ಒರಗಿಕೊಳ್ಳುವ ಹೊತ್ತಿಗೆ ಅಂಕ 10–0. ಪೂರ್ತಿ ಆರು ನಿಮಿಷ ಆಡಿಸಲೇ ಇಲ್ಲ. ಮೂರು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿದರು, 100 ಗ್ರಾಂ ತೂಕ ಜಾಸ್ತಿ ಬಂದು ಹೊರಬಿದ್ದರು. ಅದು ಯಾರಿಗೂ ಮರೆತಿಲ್ಲ. ಆ ಫೈನಲ್‌ನಲ್ಲಿ ಅವರಿಗೆ ಎದುರಾಗಬೇಕಿದ್ದವರೂ ಅಮೆರಿಕದವರೇ, ಸಾರಾ ಹಿಲ್ಡೆಬ್ರಾಂಟ್. ಚಿನ್ನ ಅವರಿಗೇ ಹೋಯಿತು.

ಟೇಲರ್, ಹಿಲ್ಡೆಬ್ರಾಂಟ್ ಇಬ್ಬರೂ ಕಾಲೇಜು ಕುಸ್ತಿಯಿಂದ ಬಂದವರು.

ಕಾಲೇಜು ಕುಸ್ತಿ ಎಂದಾಗ ನಮಗೆ ನೆನಪಾಗುವುದು ಅಂತರ ಕಾಲೇಜು ಕ್ರೀಡಾಕೂಟ. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಪುಳಿಯೋಗರೆ ಪೊಟ್ಟಣ, ಸಂಜೆ ಒಂದು ಸರ್ಟಿಫಿಕೇಟು. ಅಮೆರಿಕದಲ್ಲಿ ಅದರ ಕಥೆಯೇ ಬೇರೆ. ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಕೇಲ್ ಸ್ಯಾಂಡರ್ಸನ್ ಎಂಬುವರ ಹೆಸರು ದೊಡ್ಡದು. ನಾಲ್ಕು ವರ್ಷ, 159 ಪಂದ್ಯ, ಒಂದೂ ಸೋಲಿಲ್ಲ. ಈ ಲೆಕ್ಕ ಎಂಥದ್ದು ಎಂದು ಅರ್ಥವಾಗಬೇಕಾದರೆ ಮೊದಲು ಆ ವ್ಯವಸ್ಥೆ ಅರ್ಥವಾಗಬೇಕು.

## ಅಲ್ಲಿ ಕಾಲೇಜೇ ಗರಡಿ ಮನೆ

ನಮ್ಮಲ್ಲಿ ಕುಸ್ತಿ ಕಲಿಯುವ ಹುಡುಗ ಗರಡಿಗೆ ಹೋಗುತ್ತಾನೆ. ಉಸ್ತಾದರ ಕೈಕೆಳಗೆ ಸಾಮು ಮಾಡುತ್ತಾನೆ, ಮಟ್ಟಿಯಲ್ಲಿ ಉರುಳುತ್ತಾನೆ. ಓದು ಅದರ ಪಾಡಿಗೆ ಅದು, ಕುಸ್ತಿ ಇದರ ಪಾಡಿಗೆ ಇದು. ಆಮೇಲೆ ಪೊಲೀಸು, ರೈಲ್ವೆ ಅಥವಾ ಸೇನೆಯಲ್ಲಿ ಕೆಲಸ ಸಿಕ್ಕರೆ ಆಟ ಮುಂದುವರಿಯುತ್ತದೆ.

ಅಮೆರಿಕದಲ್ಲಿ ಓದು ಮತ್ತು ಆಟವನ್ನು ಒಂದೇ ಕಂಬಕ್ಕೆ ಕಟ್ಟಿದ್ದಾರೆ. ಹೈಸ್ಕೂಲಿನಲ್ಲಿ ಹೆಸರು ಮಾಡಿದ ಹುಡುಗನ ಮನೆಗೆ ವಿಶ್ವವಿದ್ಯಾಲಯಗಳ ಕೋಚ್‌ಗಳು ಬಂದು ಕರೆಯುತ್ತಾರೆ. ಫೀಸು, ಹಾಸ್ಟೆಲ್ಲು, ಊಟ ಪೂರ್ತಿಯಾಗಿಯೋ ಭಾಗಶಃವೋ ಕಾಲೇಜಿನದ್ದು. ಬದಲಿಗೆ ಹುಡುಗ ಆ ಕಾಲೇಜಿನ ಬನಿಯನ್ ತೊಟ್ಟು ಆಡಬೇಕು. ಜೊತೆಗೆ ಪಾಸೂ ಆಗಬೇಕು. ಪಾಠದಲ್ಲಿ ಹಿಂದೆ ಬಿದ್ದರೆ ಅಖಾಡಕ್ಕೆ ಇಳಿಯುವಂತಿಲ್ಲ. ಸ್ಯಾಂಡರ್ಸನ್ ಓದಿದ್ದು ಕಲೆ ಮತ್ತು ವಿನ್ಯಾಸ. ಅಷ್ಟು ಜನರನ್ನು ಕೆಡವಿದ ಕೈ ತರಗತಿಯಲ್ಲಿ ಚಿತ್ರ ಬರೆಯುತ್ತಿತ್ತು!

ಇದನ್ನೆಲ್ಲ ನಡೆಸುವುದು ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ. ಅದು ಕಾಲೇಜುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ದೊಡ್ಡ ಹೆಸರುಗಳೆಲ್ಲ ಮೊದಲ ದರ್ಜೆಯಲ್ಲಿವೆ. ಎನ್‌ಸಿಎಎ ಕುಸ್ತಿ ಚಾಂಪಿಯನ್‌ಶಿಪ್ ಮೊದಲ ಸಲ ನಡೆದದ್ದು 1928ರಲ್ಲಿ, ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ. ಸ್ಯಾಂಡರ್ಸನ್ ಓದಿದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ ಇರುವುದೂ ಅದೇ ಊರಿನಲ್ಲಿ. ಜೋಳದ ಹೊಲಗಳ ನಡುವಿನ ಈ ರಾಜ್ಯಕ್ಕೆ ಕುಸ್ತಿಯ ಹುಚ್ಚು ಎಷ್ಟೆಂದರೆ, ನಮ್ಮಲ್ಲಿ ಕೊಡಗಿಗೆ ಹಾಕಿ ಇದ್ದ ಹಾಗೆ.

## ನಾಲ್ಕೇ ವರ್ಷ, ಆಮೇಲೆ ಬಾಗಿಲು ಬಂದ್

ಕ್ರಿಕೆಟಿಗನಿಗೆ ಒಂದು ವರ್ಷ ಕೈಕೊಟ್ಟರೆ ಮುಂದಿನ ವರ್ಷ ಇದ್ದೇ ಇದೆ. ಕಾಲೇಜು ಪೈಲ್ವಾನನಿಗೆ ಹಾಗಲ್ಲ. ಆಡಲು ಸಿಗುವುದು ನಾಲ್ಕೇ ಋತು. ನವೆಂಬರ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿದರೆ ಒಂದು ಋತು ಖರ್ಚಾದಂತೆ.

ಇಲ್ಲೊಂದು ಅನುಕೂಲವಿದೆ. ನಾಲ್ಕು ಋತುಗಳನ್ನು ಐದು ವರ್ಷದೊಳಗೆ ಆಡಿ ಮುಗಿಸಿದರಾಯಿತು. ಹಾಗಾಗಿ ಎಷ್ಟೋ ಹುಡುಗರು ಮೊದಲ ವರ್ಷ ತಂಡದ ಪರವಾಗಿ ಆಡುವುದೇ ಇಲ್ಲ. ತಂಡದ ಜೊತೆ ಅಭ್ಯಾಸ ಮಾಡುತ್ತಾರೆ, ಮೈ ಬೆಳೆಸುತ್ತಾರೆ, ಓದಿಗೆ ಹೊಂದಿಕೊಳ್ಳುತ್ತಾರೆ. ಇದಕ್ಕೆ ‘ರೆಡ್‌ಶರ್ಟ್’ ವರ್ಷ ಎನ್ನುತ್ತಾರೆ. ಸಸಿಯನ್ನು ನೇರವಾಗಿ ಗದ್ದೆಗೆ ಹಾಕದೆ ಒಟ್ಲು ಪಾತಿಯಲ್ಲಿ ಬೆಳೆಸುವ ಹಾಗೆ. ಸ್ಯಾಂಡರ್ಸನ್ ಕೂಡ 1997–98ನೇ ಸಾಲನ್ನು ಹೀಗೇ ಕಳೆದರು. ಅವರ ಲೆಕ್ಕ ಶುರುವಾಗುವುದು ಅದರ ಮುಂದಿನ ಋತುವಿನಿಂದ.

ಹೀಗಾಗಿ ಒಬ್ಬ ಹುಡುಗ ಗೆಲ್ಲಬಹುದಾದ ರಾಷ್ಟ್ರೀಯ ಪ್ರಶಸ್ತಿ ಹೆಚ್ಚೆಂದರೆ ನಾಲ್ಕು. ಅಷ್ಟನ್ನೂ ಗೆದ್ದವರು ಕೈಬೆರಳೆಣಿಕೆಯಷ್ಟು. ಮೊದಲಿಗರು ಒಕ್ಲಹೋಮ ಸ್ಟೇಟ್‌ನ ಪ್ಯಾಟ್ ಸ್ಮಿತ್, ಎರಡನೆಯವರೇ ಸ್ಯಾಂಡರ್ಸನ್. ಕಾರ್ನೆಲ್‌ನ ಕೈಲ್ ಡೇಕ್ 2010ರಿಂದ 2013ರವರೆಗೆ ನಾಲ್ಕು ಸಲ ಗೆದ್ದರು. ಅದೂ ನಾಲ್ಕು ಬೇರೆ ಬೇರೆ ತೂಕದಲ್ಲಿ, ರೆಡ್‌ಶರ್ಟ್ ವರ್ಷವನ್ನೇ ತೆಗೆದುಕೊಳ್ಳದೆ. ನನಗೆ ಕೇಳಿದರೆ 159ರ ಪಕ್ಕ ಕೂರಿಸಬಹುದಾದ ಸಾಧನೆ ಇದೊಂದೇ.

ಹಾಗಾದರೆ ಐದು ಸಲ ಗೆದ್ದವರಿದ್ದಾರೆ ಎನ್ನುತ್ತಾರಲ್ಲ? ಹೌದು, ಒಬ್ಬರಿದ್ದಾರೆ. ಕೊರೊನಾ ಸಮಯದಲ್ಲಿ ಎನ್‌ಸಿಎಎ ಒಂದು ಋತುವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಹೆಚ್ಚುವರಿ ವರ್ಷ ಸಿಕ್ಕಿದ್ದರಿಂದ ಪೆನ್ ಸ್ಟೇಟ್‌ನ ಕಾರ್ಟರ್ ಸ್ಟರೋಚಿ 2021ರಿಂದ 2025ರವರೆಗೆ ಸತತ ಐದು ಪ್ರಶಸ್ತಿ ಗೆದ್ದರು.

## ಬೇರೆಲ್ಲೂ ಇಲ್ಲದ ನಿಯಮ

ನಮ್ಮ ನಾಡಕುಸ್ತಿಯಲ್ಲಿ ಲೆಕ್ಕ ಸುಲಭ. ಬೆನ್ನು ಮಟ್ಟಿಗೆ ತಾಗಿತೋ, ಚಿತ್. ತಮಟೆ ಬಡಿದಾಯಿತು, ಪೇಟ ಸುತ್ತಿದ್ದಾಯಿತು. ಒಲಿಂಪಿಕ್ಸ್‌ನಲ್ಲಿ ನಾವು ನೋಡುವುದು ಫ್ರೀಸ್ಟೈಲ್ ಮತ್ತು ಗ್ರೀಕೊ–ರೋಮನ್. ಅಮೆರಿಕದ ಕಾಲೇಜು ಹುಡುಗರು ಆಡುವುದು ಇವೆರಡೂ ಅಲ್ಲ. ಅವರದು ‘ಫೋಕ್‌ಸ್ಟೈಲ್’. ಕನ್ನಡದಲ್ಲಿ ಹೇಳಿದರೆ ಅದೂ ‘ನಾಡಕುಸ್ತಿ’ಯೇ, ಅವರ ನಾಡಿನದು ಅಷ್ಟೇ.

ವ್ಯತ್ಯಾಸ ತಿಳಿಯಲು ಹಾವೇರಿ ಕಡೆಯ ಹೋರಿ ಹಬ್ಬ ನೆನಪಿಸಿಕೊಳ್ಳಿ. ಓಡುವ ಹೋರಿಯ ಕೊರಳಿನ ಕೊಬ್ಬರಿ ಹಾರಕ್ಕೆ ಕೈ ಹಾಕಿ ಕಿತ್ತವನು ಗೆದ್ದ. ಹೋರಿ ಮುಂದೆ ಎಲ್ಲಿಗೆ ಓಡಿತು ಎನ್ನುವುದು ಅವನಿಗೆ ಬೇಡ. ಫ್ರೀಸ್ಟೈಲ್ ಹೆಚ್ಚು ಕಡಿಮೆ ಹಾಗೆ. ಎದುರಾಳಿಯ ಬೆನ್ನು ಒಂದು ಕ್ಷಣ ನೆಲದ ಕಡೆ ತಿರುಗಿದರೂ ಅಂಕ ಸಿಗುತ್ತದೆ. ಕೆಳಗೆ ಹಾಕಿಕೊಂಡ ಮೇಲೆ ಹೊಸದೇನೂ ನಡೆಯದಿದ್ದರೆ ರೆಫ್ರಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ.

ಫೋಕ್‌ಸ್ಟೈಲ್‌ನಲ್ಲಿ ಹಾರ ಕಿತ್ತರೆ ಸಾಲದು. ಹೋರಿಗೆ ಮೂಗುದಾರ ಹಾಕಿ ಹಿಡಿದು ನಿಲ್ಲಿಸಬೇಕು. ಕೆಡವಿದ ಮೇಲೆ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ಬೆನ್ನು ತಿರುಗಿಸಿ ಕೆಲವು ಸೆಕೆಂಡು ಹಾಗೇ ಅದುಮಿ ಹಿಡಿದರೆ ಮಾತ್ರ ಅದಕ್ಕೆ ಅಂಕ. ಕೆಳಗಿರುವವನಿಗೂ ಕೆಲಸವಿದೆ. ಬಿಡಿಸಿಕೊಂಡು ಎದ್ದರೆ ಅವನಿಗೆ 1 ಅಂಕ, ಕೆಳಗಿನಿಂದ ತಿರುಗಿ ಮೇಲೇರಿದರೆ 2. ಪಕ್ಕದಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ. ಯಾರು ಎಷ್ಟು ಹೊತ್ತು ಮೇಲಿದ್ದರು ಎಂದು ಅದು ಲೆಕ್ಕ ಇಡುತ್ತದೆ. ಒಬ್ಬನ ಸಮಯ ಇನ್ನೊಬ್ಬನಿಗಿಂತ ಒಂದು ನಿಮಿಷ ಜಾಸ್ತಿಯಾದರೆ ಕೊನೆಯಲ್ಲಿ ಅವನಿಗೆ ಇನ್ನೊಂದು ಅಂಕ. ಇದಕ್ಕೆ ‘ರೈಡಿಂಗ್ ಟೈಮ್’ ಎನ್ನುತ್ತಾರೆ. ಸವಾರಿಯ ಹೊತ್ತು ಎಂದುಕೊಳ್ಳಿ.

ಪಂದ್ಯ ಒಟ್ಟು ಏಳು ನಿಮಿಷ: ಮೊದಲು ಮೂರು, ಆಮೇಲೆ ಎರಡು, ಮತ್ತೆ ಎರಡು. 15 ಅಂಕಗಳ ಅಂತರ ಬಂದರೆ ಅಲ್ಲಿಗೇ ಮುಗಿಯುತ್ತದೆ. ಫ್ರೀಸ್ಟೈಲ್‌ನಲ್ಲಿ ಈ ಅಂತರ 10. ದೀಪಕ್ ಪಂದ್ಯ ಅರ್ಧದಲ್ಲೇ ನಿಂತದ್ದು ಅದಕ್ಕೇ. ನಿಂತಲ್ಲಿಂದ ಎದುರಾಳಿಯನ್ನು ಕೆಡವಿದರೆ ಕಾಲೇಜು ಕುಸ್ತಿಯಲ್ಲಿ ಮೊದಲು 2 ಅಂಕ ಇತ್ತು. 2023–24ರಿಂದ ಅದನ್ನು 3 ಮಾಡಿದ್ದಾರೆ. ಹಾಗಾಗಿ ಹಳೆಯ ಮತ್ತು ಹೊಸ ಪಂದ್ಯಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು.

## 159 ಅಂದರೆ ಎಷ್ಟು?

159 ಪಂದ್ಯಗಳನ್ನು ನಾಲ್ಕು ಋತುಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು 40. ಐದು ತಿಂಗಳಲ್ಲಿ 40 ಪಂದ್ಯ. ನಡುವೆ ಜ್ವರ ಬರುತ್ತದೆ, ಪರೀಕ್ಷೆ ಬರುತ್ತದೆ, ಬೆರಳು ಮುರಿಯುತ್ತದೆ, ಕಿವಿ ಊದುತ್ತದೆ. ಯಾವನೋ ಒಬ್ಬ ಹುಡುಗ ಇಡೀ ವರ್ಷ ನಿಮ್ಮ ಆಟದ ವಿಡಿಯೊ ನೋಡಿಕೊಂಡು ಕಾಯುತ್ತಿರುತ್ತಾನೆ. ಏಳು ನಿಮಿಷದಲ್ಲಿ ಒಂದೇ ಒಂದು ಸಲ ಕಾಲು ತಪ್ಪಿದರೆ ಸಾಕು, ಚಿತ್ ಆಗಬಹುದು. ಮುಂದಿದ್ದ ಅಂಕವೆಲ್ಲ ಆಗ ಲೆಕ್ಕಕ್ಕಿಲ್ಲ.

ಎಲ್ಲದಕ್ಕೂ ಕೊನೆಗೆ ಮಾರ್ಚ್‌ನ ರಾಷ್ಟ್ರೀಯ ಕೂಟ. ಹತ್ತು ತೂಕಗಳು, ಪ್ರತಿ ತೂಕಕ್ಕೆ 33 ಜನ, ಒಟ್ಟು 330 ಪೈಲ್ವಾನರು, ಮೂರು ದಿನ. ಒಮ್ಮೆ ಸೋತವನು ಕೂಡಲೇ ಮನೆಗೆ ಹೋಗುವುದಿಲ್ಲ. ಕೆಳಗಿನ ಸಾಲಿನಲ್ಲಿ ಆಡುತ್ತ ಹೋಗಿ ಮೂರನೇ ಸ್ಥಾನದವರೆಗೆ ಬರಬಹುದು. ಮೊದಲ ಸ್ಥಾನದ ಬಾಗಿಲು ಮಾತ್ರ ಮುಚ್ಚಿರುತ್ತದೆ. ಮೊದಲ ಎಂಟು ಸ್ಥಾನ ಪಡೆದವರಿಗೆ ‘ಆಲ್–ಅಮೆರಿಕನ್’ ಎಂಬ ಬಿರುದು. ನಮ್ಮ ದಸರಾ ಕೇಸರಿ, ದಸರಾ ಕಂಠೀರವ ಬಿರುದುಗಳಂತೆ ಅದೂ ಹೆಸರಿನ ಜೊತೆ ಜೀವನಪೂರ್ತಿ ಉಳಿಯುತ್ತದೆ. ಒಬ್ಬೊಬ್ಬರ ಗೆಲುವಿನ ಅಂಕ ಸೇರಿ ಕಾಲೇಜಿಗೂ ತಂಡ ಪ್ರಶಸ್ತಿ ಬರುತ್ತದೆ. ಹಾಗಾಗಿ ಐದನೇ ಸ್ಥಾನಕ್ಕೆ ಆಡುವವನೂ ಜೀವ ಬಿಟ್ಟು ಆಡುತ್ತಾನೆ.

ಸ್ಯಾಂಡರ್ಸನ್ ಯೂಟಾ ರಾಜ್ಯದ ಹೀಬರ್ ಸಿಟಿ ಎಂಬ ಸಣ್ಣ ಊರಿನವರು. ತಂದೆಯೇ ಕುಸ್ತಿ ಕೋಚ್, ಅಣ್ಣತಮ್ಮಂದಿರೆಲ್ಲ ಪೈಲ್ವಾನರು. ಕಾಲೇಜಿನಲ್ಲಿ ಮೊದಲ ಮೂರು ವರ್ಷ 184 ಪೌಂಡ್, ಅಂದರೆ ಸುಮಾರು 83.5 ಕೆ.ಜಿ. ತೂಕದಲ್ಲಿ ಗೆದ್ದರು. ನಾಲ್ಕನೇ ವರ್ಷ, ಸೋಲದ ದಾಖಲೆ ಪಣಕ್ಕಿದ್ದಾಗಲೇ, ಮೇಲಿನ 197 ಪೌಂಡ್‌ಗೆ ಹೋದರು. 2002ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಲೀಹೈ ವಿಶ್ವವಿದ್ಯಾಲಯದ ಜಾನ್ ಟ್ರೆಂಜ್ ಅವರನ್ನು 12–4ರಿಂದ ಸೋಲಿಸಿ ಲೆಕ್ಕ ಮುಗಿಸಿದರು. ನಾಲ್ಕೂ ವರ್ಷ ಇಡೀ ಕೂಟದ ಅತ್ಯುತ್ತಮ ಕುಸ್ತಿಪಟು ಅವರೇ.

ಅವರ ಹೆಸರುವಾಸಿ ಪಟ್ಟು ನೋಡಲು ತುಂಬಾ ಸರಳ. ಎದುರಾಳಿಯ ಕತ್ತಿನ ಹಿಂದೆ ಒಂದು ಕೈ ಹಾಕಿ ತಲೆಯನ್ನು ಕೆಳಕ್ಕೆ ಜಗ್ಗುತ್ತ, ಅವನನ್ನು ಸುತ್ತ ನಡೆಸುತ್ತ ಹೋಗುವುದು. ಅವನ ಮೈಭಾರವೆಲ್ಲ ಮುಂದಿನ ಕಾಲಿನ ಮೇಲೆ ಬಿದ್ದ ಕ್ಷಣ ಇನ್ನೊಂದು ಕೈಯಿಂದ ಅದೇ ಕಾಲಿನ ಹಿಮ್ಮಡಿ ಹಿಡಿದುಬಿಡುವುದು. ಭಾರ ಹೊತ್ತ ಕಾಲನ್ನು ತಕ್ಷಣ ಎತ್ತಿಕೊಳ್ಳಲು ಯಾರಿಗೂ ಆಗುವುದಿಲ್ಲ, ಅಲ್ವಾ? ಮೇಲಿನಿಂದ ನೂಕಿ ಕೆಳಗೆ ಹಿಮ್ಮಡಿ ಎಳೆದರೆ, ಕಾಲ ಕೆಳಗಿನ ಚಾಪೆ ಎಳೆದ ಹಾಗೆ ಕುಕ್ಕರಿಸುತ್ತಾನೆ. ಬರುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಆದರೂ ಬೀಳುತ್ತಿದ್ದರು.

2001ರ ಫೈನಲ್‌ನಲ್ಲಿ ಹೀಗೆ ಸೋತವರೊಬ್ಬರ ಹೆಸರು ಡೇನಿಯಲ್ ಕಾರ್ಮಿಯರ್. ಯುಎಫ್‌ಸಿ ಗುದ್ದಾಟ ನೋಡುವವರಿಗೆ ಗೊತ್ತಿರುತ್ತದೆ. ಮುಂದೆ ಅಲ್ಲಿ ಎರಡು ತೂಕಗಳ ಚಾಂಪಿಯನ್ ಆದವರು ಅವರೇ.

## ಒಂದೇ ಒಂದು ಸೋಲು

ಸ್ಯಾಂಡರ್ಸನ್‌ಗಿಂತ 32 ವರ್ಷ ಮೊದಲು ಅದೇ ಅಯೋವಾ ಸ್ಟೇಟ್‌ನಲ್ಲಿ ಡ್ಯಾನ್ ಗೇಬಲ್ ಇದ್ದರು. ಹೈಸ್ಕೂಲಿನಲ್ಲಿ 64 ಪಂದ್ಯ ಆಡಿ 64 ಗೆದ್ದವರು. ಕಾಲೇಜಿನಲ್ಲೂ ಸೋಲೇ ಇಲ್ಲದೆ 1970ರ ತಮ್ಮ ಕೊನೆಯ ಫೈನಲ್‌ಗೆ ಬಂದರು. ಎದುರಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್. ಗೇಬಲ್ ಜೊತೆ ಆಡಬೇಕೆಂದೇ ತೂಕ ಇಳಿಸಿ 142 ಪೌಂಡ್‌ಗೆ ಬಂದಿದ್ದವರು. ಅಂಕ 13–11. ಗೇಬಲ್ ಸೋತರು.

ಹೈಸ್ಕೂಲು, ಕಾಲೇಜು ಸೇರಿಸಿ ಗೇಬಲ್ ಲೆಕ್ಕ 181–1 ಎಂದು ಹೇಳುತ್ತಾರೆ. ಜನ ನೆನಪಿಟ್ಟಿರುವುದು ಆ ಕೊನೆಯ ಒಂದನ್ನೇ. ಎರಡು ವರ್ಷದ ನಂತರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅವರು ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದರು. ಆಮೇಲೆ ಅಯೋವಾ ವಿಶ್ವವಿದ್ಯಾಲಯದ ಕೋಚ್ ಆಗಿ 15 ರಾಷ್ಟ್ರೀಯ ತಂಡ ಪ್ರಶಸ್ತಿ ತಂದುಕೊಟ್ಟರು. ಸ್ಯಾಂಡರ್ಸನ್ ಅವರ 159–0 ಅಷ್ಟು ದೊಡ್ಡ ಸುದ್ದಿಯಾದದ್ದು ಈ ಹಿನ್ನೆಲೆಯಲ್ಲಿ. ಗೇಬಲ್ ಕೈಯಿಂದ ಕೊನೆಯ ದಿನ ಜಾರಿದ್ದು ಅದೇ ಕಾಲೇಜಿನ ಇನ್ನೊಬ್ಬ ಹುಡುಗನ ಕೈಗೆ ಸಿಕ್ಕಿತ್ತು.

## ತೂಕ ಇಳಿಸುವ ಲೆಕ್ಕ

ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ, ಅನುಭವ ನೋಡಿ, ಸರಿಜೋಡಿ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಕಾಲೇಜು ಕುಸ್ತಿಯಲ್ಲಿ ಆ ಕೆಲಸ ತಕ್ಕಡಿಯದು. 125 ಪೌಂಡ್‌ನಿಂದ 285 ಪೌಂಡ್‌ವರೆಗೆ, ಅಂದರೆ ಸುಮಾರು 57ರಿಂದ 129 ಕೆ.ಜಿ.ವರೆಗೆ, ಹತ್ತು ಮೆಟ್ಟಿಲು.

ತಕ್ಕಡಿ ಬಂದಲ್ಲಿ ಅದರ ಜೊತೆಗೇ ಆಸೆಯೂ ಬರುತ್ತದೆ. ನನ್ನ ಸಹಜ ತೂಕ 80 ಕೆ.ಜಿ. ಎಂದುಕೊಳ್ಳಿ. ನೀರು ಬಿಟ್ಟು, ಬೆವರು ಸುರಿಸಿ, ತೂಕ ನೋಡುವ ಹೊತ್ತಿಗೆ 74 ಮಾಡಿಕೊಂಡರೆ? ಆಮೇಲೆ ನೀರು ಕುಡಿದು, ಊಟ ಮಾಡಿ, ನನಗಿಂತ ಸಣ್ಣವನ ಮುಂದೆ ನಿಲ್ಲಬಹುದು. ಅವನೂ ಇದನ್ನೇ ಮಾಡಿರುತ್ತಾನೆ ಎನ್ನುವುದು ಬೇರೆ ಮಾತು.

1997ರ ನವೆಂಬರ್, ಡಿಸೆಂಬರ್‌ನಲ್ಲಿ ಮೂರು ಬೇರೆ ಬೇರೆ ಕಾಲೇಜುಗಳ ಮೂವರು ಹುಡುಗರು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಎರಡು ತಿಂಗಳೂ ಆಗಿರಲಿಲ್ಲ, ಮೂರು ಸಾವು. ಎನ್‌ಸಿಎಎ ನಿಯಮಗಳನ್ನು ಬುಡದಿಂದ ಬದಲಿಸಿತು. ಬೆವರಿಳಿಸುವ ರಬ್ಬರ್ ಬಟ್ಟೆ, ಬಿಸಿ ಆವಿ ಕೋಣೆ ನಿಷೇಧವಾದವು. ತೂಕ ನೋಡುವುದನ್ನು ಪಂದ್ಯಕ್ಕೆ ಹತ್ತಿರ ತಂದರು, ನಡುವೆ ತಿಂದು ಕುಡಿದು ಚೇತರಿಸಿಕೊಳ್ಳಲು ಹೊತ್ತೇ ಸಿಗದಂತೆ. ಋತುವಿನ ಶುರುವಿನಲ್ಲೇ ಮೂತ್ರ ಪರೀಕ್ಷೆ ಮಾಡಿ ಮೈಯಲ್ಲಿ ಸಾಕಷ್ಟು ನೀರಿದೆಯೇ ಎಂದು ನೋಡುತ್ತಾರೆ, ಕೊಬ್ಬು ಅಳೆಯುತ್ತಾರೆ, ‘ನೀನು ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ’ ಎಂದು ಬರೆದುಕೊಡುತ್ತಾರೆ.

ಅಂತರರಾಷ್ಟ್ರೀಯ ಕುಸ್ತಿಗೆ ಈ ನಿಯಮ ಇಲ್ಲ. ಕಾರ್ಮಿಯರ್ 2008ರಲ್ಲಿ ಬೀಜಿಂಗ್‌ವರೆಗೆ ಹೋಗಿ, ತೂಕ ಇಳಿಸುವಾಗ ಮೂತ್ರಪಿಂಡ ಕೈಕೊಟ್ಟು, ಆಡದೆ ವಾಪಸಾದರು. ಒಲಿಂಪಿಕ್ಸ್‌ನಲ್ಲಿ ಒಂದು ವಿಭಾಗದ ಪಂದ್ಯಗಳು ಎರಡು ದಿನ ನಡೆಯುತ್ತವೆ, ಎರಡೂ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. ಮೊದಲ ದಿನ ಮೂರು ಪಂದ್ಯ ಆಡಿ, ನೀರು ಕುಡಿದು, ರಾತ್ರಿಯೆಲ್ಲ ಮತ್ತೆ ಬೆವರಿಳಿಸಿದರೂ ವಿನೇಶ್‌ಗೆ ಆ 100 ಗ್ರಾಂ ಇಳಿಯಲಿಲ್ಲ.

## ಕಾಲೇಜು ಮುಗಿದ ಮೇಲೆ

ಇಲ್ಲಿಗೆ ಬಂದಾಗ ಚಾಂಪಿಯನ್ ಮತ್ತೆ ಅಆಇಈ ಶುರು ಮಾಡಬೇಕು. ನಾಲ್ಕು ವರ್ಷ ಪಳಗಿದ್ದು ಫೋಕ್‌ಸ್ಟೈಲ್, ಒಲಿಂಪಿಕ್ಸ್‌ನಲ್ಲಿ ಇರುವುದು ಫ್ರೀಸ್ಟೈಲ್. ಕಾಲೇಜಿನಲ್ಲಿ ಕೆಳಗೆ ಬಿದ್ದವನು ಬೆನ್ನ ಮೇಲೆ ಉರುಳಿ ತಪ್ಪಿಸಿಕೊಳ್ಳಬಹುದು. ಫ್ರೀಸ್ಟೈಲ್‌ನಲ್ಲಿ ಹಾಗೆ ಉರುಳಿದರೆ ಎದುರಾಳಿಗೆ 2 ಅಂಕ ಸುಮ್ನೆ ಕೊಟ್ಟಂತೆ. ಮೈಗೆ ಹತ್ತಿದ ಅಭ್ಯಾಸವನ್ನೇ ಬಿಡಿಸಬೇಕು. ಕೆಲವರು ಹೈಸ್ಕೂಲಿನಿಂದಲೇ ಬೇಸಿಗೆ ರಜೆಯಲ್ಲಿ ಫ್ರೀಸ್ಟೈಲ್ ಆಡಿಕೊಂಡು ಎರಡೂ ದೋಣಿಗಳ ಮೇಲೆ ಕಾಲಿಟ್ಟಿರುತ್ತಾರೆ.

ಜಾಗವೂ ಕಮ್ಮಿ. ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಚಾಂಪಿಯನ್ನರು. ಒಲಿಂಪಿಕ್ಸ್‌ನ ಪುರುಷರ ಫ್ರೀಸ್ಟೈಲ್‌ನಲ್ಲಿ ಈಗ ಇರುವುದು ಆರೇ ತೂಕ, ನಾಲ್ಕು ವರ್ಷಕ್ಕೊಮ್ಮೆ, ತೂಕಕ್ಕೆ ದೇಶದಿಂದ ಒಬ್ಬರು. ಇಷ್ಟು ವರ್ಷಗಳ ಹಳೆಯ ಚಾಂಪಿಯನ್ನರೆಲ್ಲ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

ಕಾಲೇಜಿನಲ್ಲಿ ಸೋಲೇ ಕಾಣದ ಸ್ಯಾಂಡರ್ಸನ್ ಕೂಡ 2003ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ರಷ್ಯಾದ ಸಾಜಿದ್ ಸಾಜಿದೊವ್‌ಗೆ ಸೋತರು. ಮರುವರ್ಷ ಅಥೆನ್ಸ್‌ನಲ್ಲಿ 84 ಕೆ.ಜಿ. ಚಿನ್ನ ಗೆದ್ದರು. ಆಮೇಲೆ ಹೆಚ್ಚು ಕಾಲ ಆಡಲಿಲ್ಲ, ಕೋಚ್ ಆದರು.

ದುಡ್ಡಿನ ಮಾತು ಚುಟುಕಾಗಿ. ಬಹಳ ಕಾಲ ಒಂದು ಕಾಲೇಜಿನ ಕುಸ್ತಿ ತಂಡಕ್ಕೆ ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನ 9.9 ಮಾತ್ರ. ತಂಡದಲ್ಲಿ ಮೂವತ್ತು ಹುಡುಗರು. ಹತ್ತು ಜನರ ಬಿಸಿಬೇಳೆ ಬಾತನ್ನು ಮೂವತ್ತು ತಟ್ಟೆಗೆ ಬಡಿಸಿದ ಹಾಗೆ. ಜಾಹೀರಾತಿನಿಂದ ದುಡ್ಡು ಮಾಡಿಕೊಳ್ಳುವಂತೆಯೂ ಇರಲಿಲ್ಲ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ಪ್ರಕಾರ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಸ್ಯಾಂಡರ್ಸನ್ ಕಾಲದಲ್ಲಿ ಇದು ಯಾವುದೂ ಇರಲಿಲ್ಲ. ಹೆಣ್ಣುಮಕ್ಕಳ ಕುಸ್ತಿಯನ್ನು ಎನ್‌ಸಿಎಎ ತನ್ನ ಚಾಂಪಿಯನ್‌ಶಿಪ್ ಪಟ್ಟಿಗೆ ಸೇರಿಸಲು ಒಪ್ಪಿದ್ದು 2025ರ ಜನವರಿಯಲ್ಲಷ್ಟೇ. ಒಂದು ವಿಷಯದಲ್ಲಿ ಅವರು ಪುಣ್ಯವಂತರು. ಅವರು ಕಾಲೇಜಿನಲ್ಲೂ ಆಡುವುದು ಫ್ರೀಸ್ಟೈಲ್. ಎರಡು ಸಲ ಕಲಿಯುವ ಕಷ್ಟ ಇಲ್ಲ.

## ಉಸ್ತಾದರ ಕುರ್ಚಿ

2009ರಲ್ಲಿ ಸ್ಯಾಂಡರ್ಸನ್ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಆಗಿ ಹೋದರು. ಅಯೋವಾ ಸ್ಟೇಟ್‌ನಲ್ಲಿ ಅವರ ಬಳಿ ಕಲಿಯಲು ಒಪ್ಪಿದ್ದ ಒಬ್ಬ ಹುಡುಗ, ಗುರು ಹೋದಲ್ಲಿಗೇ ತಾನೂ ಹೊರಟ. ಅವನೇ ಡೇವಿಡ್ ಟೇಲರ್. ಕಾಲೇಜಿನಲ್ಲಿ ಎರಡು ಸಲ ಚಾಂಪಿಯನ್, ಎರಡು ಸಲ ಫೈನಲ್‌ನಲ್ಲಿ ಸೋಲು. ಅದರಲ್ಲಿ ಒಂದು ಸೋಲು ಕೈಲ್ ಡೇಕ್ ಅವರ ನಾಲ್ಕನೇ ಪ್ರಶಸ್ತಿಯ ದಿನ, 5–4ರಿಂದ. ಟೋಕಿಯೊ ಸೆಮಿಫೈನಲ್‌ನಲ್ಲಿ ದೀಪಕ್ ಅವರನ್ನು ಸೋಲಿಸಿ, ಮುಂದೆ ಚಿನ್ನ ಗೆದ್ದ ಟೇಲರ್, ಸ್ಯಾಂಡರ್ಸನ್ ಗರಡಿಯ ಹುಡುಗ. ಪೆನ್ ಸ್ಟೇಟ್ ಸ್ಯಾಂಡರ್ಸನ್ ಕೈಯಲ್ಲಿ 2025ರವರೆಗೆ 12 ತಂಡ ಪ್ರಶಸ್ತಿ ಗೆದ್ದಿದೆ.

2024ರಲ್ಲಿ ಟೇಲರ್ ಒಕ್ಲಹೋಮ ಸ್ಟೇಟ್‌ನ ಕೋಚ್ ಆದರು. 2025ರ ಮಾರ್ಚ್, ಫಿಲಡೆಲ್ಫಿಯಾ, ಅತಿ ಭಾರದ ವಿಭಾಗದ ಫೈನಲ್. ಒಂದು ಕಡೆ ಮಿನೆಸೋಟದ ಗೇಬಲ್ ಸ್ಟೀವ್ಸನ್, ಟೋಕಿಯೊ ಚಿನ್ನದ ಪದಕ ವಿಜೇತರು. ಆ ‘ಗೇಬಲ್’ ಹೆಸರು ಡ್ಯಾನ್ ಗೇಬಲ್ ಅವರದೇ, ಅಭಿಮಾನದಿಂದ ಇಟ್ಟದ್ದು. ಒಲಿಂಪಿಕ್ ಚಿನ್ನ ಗೆದ್ದ ಮೇಲೆ ಮತ್ತೆ ಕಾಲೇಜು ಅಖಾಡಕ್ಕೆ ಬಂದಿದ್ದರು. ಇನ್ನೊಂದು ಕಡೆ ಟೇಲರ್ ಶಿಷ್ಯ ವೈಟ್ ಹೆಂಡ್ರಿಕ್ಸನ್. ಗೆಲ್ಲುವುದು ಯಾರೆಂದು ಯಾರಿಗೂ ಅನುಮಾನ ಇರಲಿಲ್ಲ. ಪಂದ್ಯ ಮುಗಿಯಲು ಅರ್ಧ ನಿಮಿಷವೂ ಉಳಿಯದಿದ್ದಾಗ ಹೆಂಡ್ರಿಕ್ಸನ್ ಕಾಲಿಗೆ ನುಗ್ಗಿ ಕೆಡವಿದರು. ಹೊಸ ನಿಯಮದ 3 ಅಂಕ. 5–4. ಚಾಪೆಯ ಮೂಲೆಯ ಕುರ್ಚಿಯಲ್ಲಿದ್ದ ಟೇಲರ್ ಅಷ್ಟು ಹೊತ್ತಿಗೆ ಕುಳಿತಿರಲಿಲ್ಲ.